ಕ್ರಯಪತ್ರ ಬರೆಯುವವನು ಕಾದಂಬರಿ ಬರೆದರೆ

ಹಲ್ಮಿಡಿ ಶಾಸನವನ್ನು ಎಲ್ಲರೂ ಕನ್ನಡದ ಹೆಮ್ಮೆ ಅಂತ ನೋಡುತ್ತಾರೆ. ನನಗೆ ಅದು ನನ್ನ ಕಸುಬಿನವನೇ ಯಾರೋ ಬರೆದ ಪತ್ರ. ಹಲ್ಮಿಡಿ ನಮ್ಮ ಬೇಲೂರು ತಾಲೂಕಿನದೇ ಊರು. ಸುಮಾರು ಕ್ರಿ.ಶ. 450ರ ಆ ಕಲ್ಲಿನ ಮೇಲಿರುವುದು 16 ಸಾಲು. ಕೇಕಯ-ಪಲ್ಲವರ ಜೊತೆ ಕಾದಾಡಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎನ್ನುವ ಎರಡು ಊರು ಕೊಟ್ಟಿದ್ದೇವೆ ಎನ್ನುವುದು ವಿಷಯ. ಕೊಟ್ಟಿದ್ದು ಸೇಂದ್ರಕ, ಬಾಣ ಎರಡೂ ನಾಡಿನ ವೀರರ ಸಮಕ್ಷಮ. ಇದನ್ನು ಕೆಡಿಸಿದವನಿಗೆ ಮಹಾಪಾತಕ. ನಾನು ಇವತ್ತು ದಾನಪತ್ರ ಬರೆದರೂ ಬೇಕಾಗಿರುವುದು ಇಷ್ಟೇ ಅಲ್ವಾ? ಯಾರು ಕೊಟ್ಟರು, ಯಾರಿಗೆ, ಯಾಕೆ, ಸಾಕ್ಷಿ ಯಾರು. ಪಾಪದ ಬದಲು ಈಗ ಕೋರ್ಟು ಇದೆ, ಅಷ್ಟೇ ವ್ಯತ್ಯಾಸ.

ನನ್ನ ಅಂಗಡಿ ಬೇಲೂರಿನಲ್ಲಿ, ನೋಂದಣಿ ಕಚೇರಿಗೆ ನಡೆದು ಹೋಗುವಷ್ಟು ಹತ್ತಿರ. ಮೇಜು, ಕಂಪ್ಯೂಟರು, ಪ್ರಿಂಟರು, ಬಂದವರು ಕೂರಲು ಒಂದು ಬೆಂಚು. ಕ್ರಯಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ ಪತ್ರ, ಉಯಿಲು ಬರೆದುಕೊಡುತ್ತೇನೆ. ಅಂಗಡಿ ತೆಗೆಯುವ ಮುಂಚೆ, ಬೆಳಗಿನ ಹೊತ್ತು, ಮನೆಯಲ್ಲಿ ಕಾದಂಬರಿ ಬರೆಯುತ್ತೇನೆ. ಎರಡರ ಮೇಲೂ ನನ್ನ ಹೆಸರಿರುತ್ತದೆ. ಆದರೆ ಪತ್ರದ ಕೊನೆಯಲ್ಲಿ ಬಿಕ್ಕಲಂ, ಅಂದರೆ ಬರೆದವರು, ಅಂತ ಹಾಕುವ ಹೆಸರನ್ನು ಓದಿದವರೇ ಜಾಸ್ತಿ.

ಕಾಲೇಜಿನ ಹುಡುಗ ಹುಡುಗಿಯರು, ದೇವಸ್ಥಾನ ನೋಡಲು ಬಂದ ಓದುಗರು, ಒಮ್ಮೊಮ್ಮೆ ಪತ್ರ ಬರೆಸಲು ಬಂದವರು ಕೂಡ ಒಂದೇ ಥರ ಕೇಳುತ್ತಾರೆ. ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ? ಏನು ಓದುತ್ತೀರಿ? ನಾನೂ ಬರೆಯಬೇಕು ಅಂತಿದ್ದೀನಿ, ಏನು ಮಾಡಲಿ? ಕೊನೆಯ ಪ್ರಶ್ನೆಗೆ ನಾನು ಕೊಡುವ ಉತ್ತರ ಕೇಳಿ ತುಂಬಾ ಜನಕ್ಕೆ ನಿರಾಸೆ ಆಗುತ್ತದೆ. ಇರುವ ಕೆಲಸ ಬಿಡಬೇಡಿ ಅನ್ನುತ್ತೇನೆ. ಇಲ್ಲದಿದ್ದರೆ ಮೊದಲು ಒಂದು ಕೆಲಸ ಹಿಡಿಯಿರಿ ಅನ್ನುತ್ತೇನೆ. ದುಡ್ಡಿನ ಕಾರಣ ಇದ್ದೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ದೊಡ್ಡ ಕಾರಣ ಬೇರೆ. ಬರೀ ಬರೆಯುತ್ತಾ ಕೂತವನ ಎದುರಿಗೆ ಜನ ಬಂದು ಜಗಳ ಆಡುವುದಿಲ್ಲ.

ಈ ಮಾತು ಮೊದಲು ಹೊಳೆದದ್ದು ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಓದಿದಾಗ. 1970ರಲ್ಲಿ ಬಂದ ಪುಸ್ತಕ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರ ಅವರ ಊರು. ಕಾದಂಬರಿ ನಡೆಯುವುದೂ ಚನ್ನರಾಯಪಟ್ಟಣ, ತಿಪಟೂರಿನ ಆ ಒಣ ಸೀಮೆಯಲ್ಲೇ. ಎಲ್ಲರೂ ಅದರ ಪ್ಲೇಗಿನ ಅಧ್ಯಾಯ ನೆನೆದು ಅಳುತ್ತಾರೆ. ನಾನೂ ಅತ್ತಿದ್ದೇನೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನಂಜಮ್ಮನ ಗಂಡ ಶಾನುಭೋಗ, ಆದರೆ ಲೆಕ್ಕ ಬರೆಯಲು ಬಾರದವನು. ಖಿರ್ದಿ ಬರೆಯುವುದು, ಲೆಕ್ಕ ಹಾಕುವುದು ಎಲ್ಲ ನಂಜಮ್ಮನೇ. ಹೆಸರು ಗಂಡನದು, ಅಕ್ಷರ ಹೆಂಡತಿಯದು. ಅದರ ಮೇಲೆ ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರ ನಡೆಸುತ್ತಾಳೆ. ಇಂಥ ಪಾತ್ರ ಮೇಜಿನ ಮುಂದೆ ಕೂತು ಯೋಚನೆ ಮಾಡಿದರೆ ಹುಟ್ಟುವುದಿಲ್ಲ. ಶಾನುಭೋಗಿಕೆ ಲೆಕ್ಕ ಅಂದರೆ ಏನು, ಅದರಲ್ಲಿ ಎಷ್ಟು ತಲೆನೋವಿದೆ, ಅದರಿಂದ ಊರಲ್ಲಿ ಎಷ್ಟು ಮರ್ಯಾದೆ ಸಿಗುತ್ತದೆ ಅಂತ ಮನೆಯೊಳಗಿನಿಂದ ಕಂಡವನಿಗೆ ಮಾತ್ರ ಸಾಧ್ಯ. ಭೈರಪ್ಪನವರು ಚಿಕ್ಕವರಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಓದು ಬಿಟ್ಟು ಊರೂರು ಅಲೆದವರು, ಮುಂಬೈಯಲ್ಲಿ ರೈಲ್ವೆ ಕೂಲಿಯಾಗಿ ಮೂಟೆ ಹೊತ್ತವರು. ಆಮೇಲೆ ತತ್ವಶಾಸ್ತ್ರದ ಮೇಷ್ಟರಾದರು.

2025ರ ಸೆಪ್ಟೆಂಬರ್ 24ಕ್ಕೆ ಅವರು ಹೋದರು. ಆ ವಾರ ನಮ್ಮ ಅಂಗಡಿಯ ಬೆಂಚಿನ ಮೇಲೂ ಅವರದೇ ಚರ್ಚೆ. ಅವರ ವಿಚಾರ ಒಪ್ಪುವವರು, ಒಪ್ಪದವರು ಇಬ್ಬರೂ ಜೋರು ದನಿಯಲ್ಲೇ ಇದ್ದರು. ನನ್ನ ಲೆಕ್ಕದಲ್ಲಿ ಹೇಳುವುದಾದರೆ, ಕೊನೆಕೊನೆಯ ಕಾದಂಬರಿಗಳಲ್ಲಿ ವಾದ ಮುಂದೆ ನಡೆಯುತ್ತದೆ, ಮನುಷ್ಯರು ಹಿಂದೆ ಓಡೋಡಿ ಬರುತ್ತಾರೆ. ‘ಗೃಹಭಂಗ’ದಲ್ಲಿ ಹಾಗಿಲ್ಲ. ಅಲ್ಲಿ ಮನುಷ್ಯರೇ ಇದ್ದಾರೆ, ವಾದ ಮಾಡುವಷ್ಟು ಪುರುಸೊತ್ತು ಅವರಿಗಿಲ್ಲ.

ಈಗ ನನ್ನ ಬೆಂಚಿನ ಒಂದು ಸಂಗತಿ.

ಜಮೀನಿನ ಪತ್ರ ಬರೆಯುವಾಗ ಚೆಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿ ವಿವರವನ್ನು, ಹಳೇ ಪತ್ರದಲ್ಲಿ ಇದ್ದ ಹಾಗೇ ಎತ್ತಿ ಹಾಕುತ್ತೇವೆ. ಒಂದು ದಿಕ್ಕಿನ ವಿವರ ಹೆಚ್ಚುಕಡಿಮೆ ಆದರೂ ನಾಳೆ ತಕರಾರು ಏಳುತ್ತದೆ. ಒಂದು ಸಲ ಅಣ್ಣತಮ್ಮಂದಿರು ತಂಗಿಯನ್ನು ಗಂಡನ ಊರಿನಿಂದ ಕರೆಸಿದ್ದರು. ಹಕ್ಕುಬಿಡುಗಡೆ ಪತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಹಾಗಾಗಿ ಅಕ್ಕತಂಗಿಯರ ರುಜು ಇಲ್ಲದೆ ಜಮೀನು ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ಆಯಮ್ಮ ಸೆರಗು ಹೊದ್ದು ಬೆಂಚಿನ ತುದಿಯಲ್ಲಿ ಕೂತಿದ್ದರು. ಬರೆದದ್ದನ್ನು ನಾನು ಓದಿ ಹೇಳುತ್ತಿದ್ದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ಜಾಡು, ಉತ್ತರಕ್ಕೆ ಹಲಸಿನ ಮರ, ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಜಮೀನು.

“ಯಾವ ಹಲಸಿನ ಮರ ಸ್ವಾಮಿ?” ಅಂದರು. “ಅದುನ್ನ ನನ್ನ ಮದ್ವೆ ಖರ್ಚಿಗೆ ಅಂತ ಕಡಿಸಿ ಮಾರಿದ್ರಲ್ಲ.”

“ಈಗ ಅದೆಲ್ಲ ಯಾಕವ್ವ,” ಅಂದರು ದೊಡ್ಡಣ್ಣ.

“ಅಲ್ಲ ಕಣಣ್ಣಯ್ಯ, ಇಲ್ದೇ ಇರೋ ಮರಕ್ಕೆ ರುಜು ಹಾಕದು ಹೆಂಗೆ?”

ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಅನುಮಾನ ಬಂದು ಕೇಳಿದ್ದು. ಹಳೇ ಪತ್ರದಲ್ಲಿ ಹೀಗೇ ಇದೆ ಅಂತ ತೋರಿಸಿ, ‘ಹಿಂದೆ ಹಲಸಿನ ಮರ ಇದ್ದ ಜಾಗ’ ಅಂತ ಸೇರಿಸಿದೆ. ರುಜು ಹಾಕಿದರು. ಅಣ್ಣಂದಿರು ಊಟಕ್ಕೆ ಹೋಟೆಲಿಗೆ ಕರೆದರೆ ಬಸ್ಸು ತಪ್ಪುತ್ತದೆ ಅಂತ ಹೊರಟೇಬಿಟ್ಟರು. ಮದುವೆ ಆಗಬೇಕು ಅಂತ ಮರ ಹೋಯಿತು, ಮದುವೆ ಆಯಿತು ಅಂತ ಜಮೀನೂ ಹೋಯಿತು. ನನ್ನ ಒಂದು ಇಡೀ ಕಾದಂಬರಿ ಆ ಬೆಂಚಿನ ತುದಿಯಿಂದ ಎದ್ದು ಬಂದದ್ದು. ಸ್ಫೂರ್ತಿ ಎಲ್ಲಿಂದ ಅಂತ ಕೇಳುವವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

(ನನ್ನ ಗಿರಾಕಿಗಳು ಗಾಬರಿ ಆಗಬೇಡಿ. ಮೇಲಿನದರಲ್ಲಿ ದಿಕ್ಕು, ನೆಂಟಸ್ತಿಕೆ ಎಲ್ಲ ಬದಲಾಯಿಸಿದ್ದೇನೆ. ಹಲಸೂ ಅಲ್ಲ ಅದು. ಬರೆಯುವವನು ಘಟನೆಯನ್ನು ಕದಿಯಬಾರದು, ಅದರ ದನಿಯನ್ನು ಮಾತ್ರ ಸಾಲ ತರಬೇಕು ಅನ್ನುವುದು ನಾನು ಹಾಕಿಕೊಂಡ ಕಟ್ಟುಪಾಡು.)

ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಇಡೀ ಹಾಸನ ಕುಣಿಯಿತು. ಕನ್ನಡಕ್ಕೆ ಇದೇ ಮೊದಲು. ಕಥಾಸಂಕಲನವೊಂದಕ್ಕೆ ಈ ಪ್ರಶಸ್ತಿ ಬಂದದ್ದೂ ಇದೇ ಮೊದಲು. ಹಾಸನದ ನೀರಿನಲ್ಲಿ ಏನಿದೆ ಸಾರ್ ಅಂತ ಬೆಂಗಳೂರಿನ ಗೆಳೆಯರೊಬ್ಬರು ಫೋನ್ ಮಾಡಿ ಕೇಳಿದರು. ನೀರಿನಲ್ಲಿ ಏನೂ ಇಲ್ಲ, ಇರುವುದು ಕೋರ್ಟಿನಲ್ಲಿ ಅಂದೆ. ಬಾನು ಅವರು ವಕೀಲರು. ಪ್ರಶಸ್ತಿ ಬಂದ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಪುಸ್ತಕದಲ್ಲಿ ಇರುವುದು 12 ಕಥೆ, 1990ರಿಂದ 2023ರವರೆಗೆ ಬರೆದವುಗಳಿಂದ ಆರಿಸಿದ್ದು. ಮೂವತ್ತು ವರ್ಷಕ್ಕೂ ಮೇಲೆ! ನಮ್ಮ ಹುಡುಗರು ಒಂದು ಕಥೆ ಬರೆದು ಎರಡು ವಾರದಲ್ಲಿ ಯಾಕೆ ಯಾರೂ ಏನೂ ಹೇಳಲಿಲ್ಲ ಅಂತ ಒದ್ದಾಡುತ್ತಾರೆ. ಗಂಡ ಬಿಟ್ಟವರು, ಗಂಡನನ್ನು ಬಿಡಲಾರದವರು, ತವರಿಗೆ ಹೋದರೆ ಒಳಗೆ ಸೇರಿಸದ ಅಣ್ಣಂದಿರು, ಇವೆಲ್ಲ ಅವರ ಕಥೆಗಳಲ್ಲಿವೆ. ನೋಂದಣಿ ಕಚೇರಿಯ ಬೆಂಚಿಗೂ ವಕೀಲರ ಆಫೀಸಿನ ಬೆಂಚಿಗೂ ಬಂದು ಕೂರುವವರು ಒಂದೇ ಜನ.

ಇನ್ನು ಓದು. ಇಲ್ಲೂ ನನ್ನ ಹಟ ಅದೇ. ಕಾದಂಬರಿ ಬರೆಯುವವರು ಬರೀ ಕಾದಂಬರಿ ಓದಬಾರದು.

ನನಗೆ ಇದರಲ್ಲಿ ಗುರು ಅಂದರೆ ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ಬೆಳೆದರು, ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು, ಪುಸ್ತಕ ಅಚ್ಚು ಹಾಕಿದರು, ಕಂಪ್ಯೂಟರಿನಲ್ಲಿ ಕನ್ನಡ ಬರಬೇಕು ಅಂತ ತಲೆ ಕೆಡಿಸಿಕೊಂಡರು. ಕೆನೆತ್ ಆಂಡರ್ಸನ್ನನ ಬೇಟೆ ಕಥೆಗಳನ್ನು ಕನ್ನಡಕ್ಕೆ ತಂದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಪುಸ್ತಕದ ಮುನ್ನುಡಿಯಲ್ಲಿ ತಮ್ಮ ಮೇಲೆ ಪ್ರಭಾವ ಬೀರಿದ್ದು ಲೋಹಿಯಾ, ಕುವೆಂಪು, ಕಾರಂತ ಎಂದು ಬರೆದುಕೊಂಡಿದ್ದಾರೆ. ಅಲ್ಲಿ ನೋಡಿ. ಲೋಹಿಯಾ ಸಾಹಿತಿಯಲ್ಲ, ರಾಜಕಾರಣಿ. ಕಾರಂತರ ವಿಷಯದಲ್ಲೂ ಅವರನ್ನು ಸೆಳೆದದ್ದು ಬದುಕಿನ ಜೊತೆ ಪ್ರಯೋಗ ಮಾಡುವ ಆ ಧೈರ್ಯ. ಸಾಹಿತ್ಯವನ್ನು ಸಾಹಿತ್ಯದಿಂದ ಕಲಿತದ್ದು ಮೂರರಲ್ಲಿ ಒಂದು ಪಾಲು ಅಂತಾಯಿತು.

1980ರಲ್ಲಿ ಬಂದ ‘ಕರ್ವಾಲೋ’ ತೆಗೆದುಕೊಳ್ಳಿ. ಮಂದಣ್ಣ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಜೇನು ಕೀಳುತ್ತಾ, ಕಾಡು ಸುತ್ತುತ್ತಾ ಇರುವವನು. ಆದರೆ ಅವನಿಗೆ ಕಂಡದ್ದು ಬೇರೆಯವರಿಗೆ ಕಂಡಿಲ್ಲ ಅಂತ ವಿಜ್ಞಾನಿ ಕರ್ವಾಲೋಗೆ ಮಾತ್ರ ಗೊತ್ತು. ಹಾರುವ ಓತಿಯ ಹಿಂದೆ ಅಷ್ಟು ದೊಡ್ಡ ಮನುಷ್ಯ ಮಂದಣ್ಣನನ್ನು ನಂಬಿಕೊಂಡು ಹೊರಡುತ್ತಾನೆ. ಆ ಪುಸ್ತಕದಲ್ಲಿ ಜೀವವಿಕಾಸ ಇದೆ, ಜೇನು ಸಾಕಣೆ ಇದೆ, ತೋಟ ಮಾರಿಬಿಡಲಾ ಅನ್ನುವ ರೈತನ ತಲೆಬಿಸಿಯೂ ಇದೆ. ಯಾವುದೂ ತಂದು ಅಂಟಿಸಿದ್ದು ಅಂತ ಅನ್ನಿಸುವುದಿಲ್ಲ. ಯಾಕೆಂದರೆ ಬರೆದವರು ದಿನಾ ಅದರಲ್ಲೇ ಓಡಾಡುತ್ತಿದ್ದರು.

ನನ್ನ ಕಪಾಟು ನೋಡಿದರೆ ನಿಮಗೆ ನಗು ಬರಬಹುದು. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟದ ಜೆರಾಕ್ಸ್ ಇದೆ. ಅದು ಹಾಸನ ಜಿಲ್ಲೆಯ ಶಾಸನಗಳದು. ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಶಾಸನದಲ್ಲಿ ಬರುವ ಪಟ್ಟಿ ನಮ್ಮ ಕ್ರಯಪತ್ರಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಕೆರೆ ಕಟ್ಟಿಸಿದವರು, ದನ ಕಾಯಲು ಹೋಗಿ ಸತ್ತವರು, ಗಡಿ ಜಗಳ ಆಡಿದವರು ಎಲ್ಲ ಅದರೊಳಗೆ ಹೆಸರು ಸಮೇತ ಇದ್ದಾರೆ. ಪಕ್ಕದಲ್ಲಿ ಕೋರ್ಟು ತೀರ್ಪುಗಳ ಕಟ್ಟು. ತೀರ್ಪಿನ ಮೊದಲ ಪುಟಗಳಲ್ಲಿ ಪ್ರಕರಣದ ಸಂಗತಿ ಹೇಳುತ್ತಾರಲ್ಲ, ಅದನ್ನು ಓದಿ. ಇಪ್ಪತ್ತು ವರ್ಷದ ದ್ವೇಷವನ್ನು ಒಂದೂವರೆ ಪುಟದಲ್ಲಿ, ಒಂದು ವಿಶೇಷಣ ಇಲ್ಲದೆ ಹೇಳಿಬಿಡುತ್ತಾರೆ. ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಪದ್ಯವೂ ಬೇಕು. ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶನನ್ನು ನಾನು ಜೋರಾಗಿ ಓದುತ್ತೇನೆ. ಜೈಮಿನಿ ಭಾರತದ ವಾರ್ಧಕ ಷಟ್ಪದಿ ಬಾಯಿಗೆ ಬಂದರೆ ಗದ್ಯದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಅರ್ಥ ಪೂರ್ತಿ ಆಗದಿದ್ದರೂ ನಡೆಯುತ್ತದೆ. ಮನೆಯವರು ಬೈಯುತ್ತಾರೆ, ಅದೊಂದು ತೊಂದರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಬೇಜಾರಾದಾಗ ಓದುತ್ತೇನೆ. ಹಾಸನದಲ್ಲೇ 1908ರಲ್ಲಿ ಹುಟ್ಟಿದ ರಾಜಾ ರಾವ್ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ 1938ರ ‘ಕಾಂತಾಪುರ’ದಲ್ಲಿ ಕಥೆ ಹೇಳುವ ಅಚ್ಚಕ್ಕನ ಉಸಿರು ನಮ್ಮ ಅಜ್ಜಿಯರದೇ. ಇಂಗ್ಲಿಷ್ ಬರುವವರು ಒಂದು ಪುಟ ಓದಿ ನೋಡಿ, ತಲೆಯೊಳಗೆ ಕನ್ನಡ ಕೇಳಿಸುತ್ತದೆ.

ನಾನು ಓದಲಾರದ ಒಂದು ಜಾತಿಯ ಪುಸ್ತಕ ಇದೆ. ಮಲೆನಾಡು, ಜಡಿಮಳೆ, ಕಿಟಕಿ, ಕೈಯಲ್ಲಿ ಕಾಫಿ ಲೋಟ, ಹಳೇ ಪ್ರೀತಿಯ ನೆನಪು. ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿದು ಹೋದವರು ಬರೆದರೆ ಕ್ಷಮಿಸಬಹುದು. ನಮ್ಮವರೇ ಬರೆಯುತ್ತಾರೆ! ಇಲ್ಲಿ ಮಳೆ ಅಂದರೆ ಕೊಳೆರೋಗ, ಉದುರಿದ ಕಾಯಿ, ಕರೆಂಟು ಇಲ್ಲದ ವಾರ, ಒಣಗದ ಬಟ್ಟೆ. ಮಾರ್ಚಿಯಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರಿಗೆ ಡೀಸೆಲ್ ಸುರಿಯಬೇಕು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಣದಲ್ಲಿ ಹರವಿದ ಕಾಫಿ ಬೂಷ್ಟು ಹಿಡಿಯುತ್ತದೆ. ತೋಟದ ಲೈನ್ ಮನೆಗಳಲ್ಲಿ ಇರುವ ಕೂಲಿಯವರಿಗೆ ಅದೇ ಮಳೆ ಕೂಲಿ ಇಲ್ಲದ ದಿನ. ಒಂದು ಮಳೆಗೆ ಇಷ್ಟು ಜನ ಇಷ್ಟು ಥರ ಬೈಯುತ್ತಿರುವಾಗ ಕಿಟಕಿಯಲ್ಲಿ ಕೂತು ನಿಟ್ಟುಸಿರು ಬಿಡುವ ಪಾತ್ರ ಯಾಕೆ ಬೇಕು ಹೇಳಿ. ಮಳೆ ಬರೆಯಬೇಡಿ ಅಂತಲ್ಲ. ಮಳೆಯಲ್ಲಿ ಯಾರ ದುಡ್ಡು ಹೋಯಿತು ಅಂತಲೂ ಬರೆಯಿರಿ.

ದುಡ್ಡು ಅಂದಾಗ ನೆನಪಾಯಿತು. ಕನ್ನಡದಲ್ಲಿ ಹೊಸಬರ ಕಾದಂಬರಿ ಅಂದರೆ ಸಾಮಾನ್ಯವಾಗಿ 500, ಹೆಚ್ಚೆಂದರೆ 1000 ಪ್ರತಿ. ರಾಯಧನ ಶೇಕಡಾ 10 ಅಂತಿಟ್ಟುಕೊಳ್ಳಿ. ಪುಸ್ತಕದ ಬೆಲೆ 250 ರೂಪಾಯಿ, 1000 ಪ್ರತಿಯೂ ಮಾರಾಟ ಆಯಿತು ಅಂದುಕೊಂಡರೂ ಕೈಗೆ ಬರುವುದು 25,000. ವರ್ಷಗಟ್ಟಲೆ ಕೂತು ಬರೆದದ್ದಕ್ಕೆ. ನನ್ನ ಮೊದಲ ಪುಸ್ತಕಕ್ಕೆ ಪ್ರಕಾಶಕರು ದುಡ್ಡಿನ ಬದಲು ಪುಸ್ತಕದ ಕಟ್ಟುಗಳನ್ನೇ ಕಳಿಸಿದ್ದರು. ನೆಂಟರ ಮನೆ ಗೃಹಪ್ರವೇಶ, ನಾಮಕರಣಗಳಿಗೆಲ್ಲ ಅದೇ ಉಡುಗೊರೆ ಕೊಟ್ಟು ಖಾಲಿ ಮಾಡಿದೆ. ಇದನ್ನು ದೂರು ಅಂತ ಹೇಳುತ್ತಿಲ್ಲ, ಬರುವವರಿಗೆ ಗೊತ್ತಿರಲಿ ಅಂತ. ಹೊಟ್ಟೆಪಾಡು ಬೇರೆ ಕಡೆಯಿಂದ ನಡೆಯುತ್ತಿದ್ದರೆ ಇನ್ನೊಂದು ಲಾಭವೂ ಇದೆ. ಯಾರನ್ನು ಮೆಚ್ಚಿಸಲೂ ಬರೆಯಬೇಕಾಗಿಲ್ಲ. ಪ್ರಶಸ್ತಿ ಸಮಿತಿಯಲ್ಲಿ ಯಾರಿದ್ದಾರೆ ಅಂತ ನೋಡಬೇಕಾಗಿಲ್ಲ. ಪುಸ್ತಕ ಮುಗಿಯುವ ಮುಂಚೆ ಮುಗಿಸಬೇಕಾಗಿಲ್ಲ.

ಆದರೆ ಕೆಲಸ ಬಿಡಬೇಡಿ ಅನ್ನುವ ಮಾತು ನನ್ನಂಥ ಗಂಡಸಿಗೆ ಸುಲಭ. ಸಂಜೆ ಅಂಗಡಿ ಬಾಗಿಲು ಎಳೆದರೆ ನನ್ನ ಕೆಲಸ ಮುಗಿಯಿತು. ನನಗೆ ಪರಿಚಯದ ಒಬ್ಬ ಕಥೆಗಾರ್ತಿ ಇದ್ದಾರೆ, ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಅಲ್ಲಿ ಮಕ್ಕಳು, ತೂಕದ ರಿಜಿಸ್ಟರು, ಸರ್ವೆ. ಮನೆಗೆ ಬಂದರೆ ಹಸು, ಅತ್ತೆ, ಅಡುಗೆ. ಕೆಲಸ ಇದ್ದರೆ ಬರಹ ತಾನಾಗೇ ಬರುತ್ತದೆ ಅಂತ ಅವರಿಗೆ ಹೇಳಲು ಹೋದರೆ ಲಟ್ಟಣಿಗೆ ತೆಗೆದುಕೊಳ್ಳಬಹುದು. ಅವರಿಗೆ ಬೇಕಾಗಿರುವುದು ಕೆಲಸವಲ್ಲ, ಒಂದು ಗಂಟೆ ಬಿಡುವು.

ಅವರು ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟವಾಯಿತು. ರೊಟ್ಟಿ ತಟ್ಟುತ್ತಾ ಮೊಬೈಲನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ ಇಟ್ಟು ಕಥೆ ಹೇಳುತ್ತಾರೆ, ಅದು ಅಕ್ಷರವಾಗುತ್ತಾ ಹೋಗುತ್ತದೆ. ಮಧ್ಯೆ “ಏ ನಾಯಿ, ಆಚೆ ಹೋಗು” ಅನ್ನುವುದೂ ಕಥೆಯೊಳಗೆ ಸೇರಿಕೊಂಡಿರುತ್ತದೆ. ಅಕ್ಷರ ತಪ್ಪುಗಳನ್ನು ರಾತ್ರಿ ತಿದ್ದುತ್ತಾರೆ. ಒಂದು ಕಥೆಯಲ್ಲಿ ನಾಯಿಯನ್ನು ಹಾಗೇ ಬಿಟ್ಟಿದ್ದರು. ಯಾಕೆ ಅಂತ ಕೇಳಿದರೆ, “ಚೆನ್ನಾಗಿ ಕೂತಿತ್ತು, ಯಾಕೆ ಓಡಿಸಲಿ ಸಾರ್” ಅಂದರು. ಅವರ ವಾಕ್ಯಗಳು ಚಿಕ್ಕವು, ಒಂದೇ ಏಟಿಗೆ ಬೀಳುತ್ತವೆ. ನನ್ನ ವಾಕ್ಯಗಳಿಗೆ ಕ್ರಯಪತ್ರದ ಚಾಳಿ ಅಂಟಿದೆ, ‘ಸದರಿ’ ‘ಮೇಲ್ಕಂಡ’ ಅಂತ ಎಳೆಯುತ್ತವೆ. ಹಾಗಾಗಿ ಈಚೆಗೆ ನಾನೂ ಸಂಭಾಷಣೆಗಳನ್ನು ಮಾತಾಡಿಯೇ ಬರೆಸುತ್ತಿದ್ದೇನೆ.

ತಿದ್ದುವುದರಲ್ಲಿ ಮಾತ್ರ ಪತ್ರದ ಕಸುಬೇ ನನ್ನನ್ನು ಕಾಪಾಡಿದೆ. ಬರೆದದ್ದನ್ನು ಎದುರಿಗಿರುವವರಿಗೆ ಓದಿ ಹೇಳದೆ ನಾನು ಯಾವ ಪತ್ರವನ್ನೂ ಕೊಡುವುದಿಲ್ಲ. ಕಾದಂಬರಿಗೂ ಹಾಗೇ. ಅಧ್ಯಾಯ ಮುಗಿದ ಮೇಲೆ ಸಾಹಿತ್ಯದ ಗಂಧಗಾಳಿ ಇಲ್ಲದ ಒಬ್ಬರಿಗೆ ಓದುತ್ತೇನೆ. ಚೆನ್ನಾಗಿದೆಯಾ ಅಂತ ಕೇಳುವುದಿಲ್ಲ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಅವರು ಎಲ್ಲಿ ಮೊಬೈಲು ನೋಡಿದರು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಆ ಜಾಗಗಳನ್ನು ಮಾರನೇ ದಿನ ಕಿತ್ತು ಹಾಕುತ್ತೇನೆ.

ಕಮ್ಮಟಗಳಿಗೆ ಹೋಗಬೇಕಾ ಅಂತ ಕೇಳುತ್ತಾರೆ. ಹೋಗಿ, ಊಟ ಚೆನ್ನಾಗಿರುತ್ತದೆ, ಗೆಳೆಯರು ಸಿಗುತ್ತಾರೆ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗಳಿಗೂ ಕಳಿಸಿ. ಬಹುಮಾನ ಬರಲಿ ಬಿಡಲಿ, ಕೊನೆಯ ದಿನಾಂಕ ಅಂತ ಒಂದು ಇರುತ್ತದಲ್ಲ, ಅದು ಒಳ್ಳೆಯದು.

ಕೊನೆಗೆ, ಹಸ್ತಪ್ರತಿ ಓದಿಕೊಡಿ ಅಂತ ಕೇಳುವವರಿಗೆ. ಖಂಡಿತ ಓದುತ್ತೇನೆ. ಇಡೀ ಕಾದಂಬರಿ ಕಳಿಸಬೇಡಿ, ಮಧ್ಯದ ಹತ್ತು ಪುಟ ಸಾಕು. ಮೊದಲ ಅಧ್ಯಾಯವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಯೂನಿಕೋಡಿನಲ್ಲಿರಲಿ, ಹಳೇ ‘ನುಡಿ’ ತಂತ್ರಾಂಶದ ಫೈಲು ಕಳಿಸಿದರೆ ನನ್ನ ಕಂಪ್ಯೂಟರಿನಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಜೊತೆಗೆ ನೀವು ಹಗಲು ಏನು ಕೆಲಸ ಮಾಡುತ್ತೀರಿ ಅಂತ ನಾಲ್ಕು ಸಾಲು ಬರೆಯಿರಿ. ಮಾರ್ಚಿ ಕೊನೆಯಲ್ಲಿ ಮಾತ್ರ ಬೇಡ. ಆಗ ನೋಂದಣಿ ರಶ್ಶು, ಊಟಕ್ಕೂ ಪುರುಸೊತ್ತು ಇರುವುದಿಲ್ಲ.